ಅಳಿವೆಯಲ್ಲಿ ಗಾಳ ಹಾಕುವ ಮುನ್ನ

ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವ ಪ್ರದೇಶಕ್ಕೆ ಅಳಿವೆ ಎಂದು ಹೆಸರು. ದಿನಕ್ಕೆ ಎರಡು ಬಾರಿ ಉಬ್ಬರವನ್ನೂ ಎರಡು ಬಾರಿ ಇಳಿತವನ್ನೂ ಕಾಣುವ ಈ ನೀರಿನಲ್ಲಿ ಗಾಳ ಹಾಕಿ ಮೀನು ಹಿಡಿಯುವುದು ಕರಾವಳಿಯ ಹಳೆಯ ಹವ್ಯಾಸ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕುಟುಂಬಗಳು ರಜೆಯಲ್ಲಿ ಊರಿಗೆ ಬಂದಾಗ ಹಿರಿಯರೂ ಕಿರಿಯರೂ ನದಿಯ ದಂಡೆಯಲ್ಲಿ ಗಾಳ ಹಿಡಿದು ಕೂರುವುದುಂಟು. ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಹಾಕುವ ಒಂದು ಗಾಳದಿಂದ ಏನು ನಷ್ಟವಾದೀತು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ, ಹಿಡಿದ ಮೀನು ಯಾವುದು, ಅದರ ಅಳತೆ ಎಷ್ಟು ಎಂಬುದನ್ನು ಅವಲಂಬಿಸಿದೆ.

ಮೀನುಗಳ ತೊಟ್ಟಿಲು

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯನ್ನು ಉದಾಹರಣೆಯಾಗಿ ನೋಡಬಹುದು. ಶಿರಸಿಯ ಬಳಿ ಹುಟ್ಟುವ ಈ ನದಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಘಟ್ಟದಿಂದ ಇಳಿದು ಬರುವ ನೀರು ಕುಮಟಾ ತಾಲೂಕಿನ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದಂಡೆಗಳಲ್ಲಿ ಕಾಂಡ್ಲಾ ಕಾಡು, ಒಳಗೆ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಗದ್ದೆಗಳು, ಇಳಿತದ ಹೊತ್ತಿನಲ್ಲಿ ಹೊರಬೀಳುವ ಚಿಪ್ಪಿಯ ನೆಲೆಗಳು ಇವೆ. 2024ರಲ್ಲಿ ಈ ಅಳಿವೆಯ ಸುಮಾರು 4,800 ಹೆಕ್ಟೇರು ಪ್ರದೇಶವನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.

ಅಳಿವೆಯಲ್ಲಿ ಕಾಣುವ ಮೀನುಗಳೆಲ್ಲ ಅಲ್ಲಿಯೇ ಬಾಳಿ ಮುಗಿಸುವಂತಹವಲ್ಲ. ಕಾಂಡ್ಲಾ ಬೇರುಗಳ ನಡುವೆ ಬೆಳೆಯುವ ಎಳೆಯ ಕೆಂಬೇರಿ ದೊಡ್ಡದಾದ ಬಳಿಕ ಸಮುದ್ರದ ಬಂಡೆಗಳ ನೆಲೆಗೆ ಹೋಗುತ್ತದೆ. ಸೀಗಡಿಯ ಅನೇಕ ಜಾತಿಗಳೂ ಮರಿಗಳಾಗಿ ಇಲ್ಲಿ ಬೆಳೆದು, ಮೊಟ್ಟೆಯಿಡಲು ಸಮುದ್ರಕ್ಕೆ ಮರಳುತ್ತವೆ. ಆದುದರಿಂದ ಅಳಿವೆಯಲ್ಲಾಗುವ ನಷ್ಟ ಸಮುದ್ರದ ಮೀನುಗಾರನ ಬಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಅಳತೆಯ ನಿಯಮ ಏಕೆ?

ಹವ್ಯಾಸಿಗಳಿಗೆ ಬಹು ಪ್ರಿಯವಾದ ಅಳಿವೆಯ ಮೀನು ಸೀಬಾಸ್. ಮುಂಬಯಿಯಲ್ಲಿ ಜಿತಾಡಾ, ಚೆನ್ನೈಯಲ್ಲಿ ಕೊಡುವಾ, ಹೈದರಾಬಾದಿನಲ್ಲಿ ಪಂಡುಗಪ್ಪ, ಬಂಗಾಳಿಗಳಲ್ಲಿ ಭೆಟ್ಕಿ ಎಂದು ಕರೆಯಲ್ಪಡುವುದು ಇದೇ ಮೀನು. ಇದರ ಜೀವನಕ್ರಮ ವಿಶಿಷ್ಟವಾದುದು. ಮೊದಲು ಗಂಡಾಗಿ ಪ್ರೌಢಾವಸ್ಥೆಗೆ ಬರುವ ಈ ಮೀನು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಪರಿವರ್ತನೆ ಹೊಂದುತ್ತದೆ. ಹೀಗಾಗಿ ಅತಿ ದೊಡ್ಡ ಮೀನುಗಳಲ್ಲಿ ಬಹುಪಾಲು ಹೆಣ್ಣುಗಳೇ ಆಗಿರುತ್ತವೆ. ಒಂದೊಂದು ಹೆಣ್ಣೂ ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡಬಲ್ಲದು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಎಳೆಯ ಮೀನನ್ನು ಹಿಡಿದರೆ ಅದು ಒಮ್ಮೆಯೂ ಸಂತಾನೋತ್ಪತ್ತಿ ಮಾಡದೆ ನಾಶವಾಗುತ್ತದೆ. ಅತಿ ದೊಡ್ಡ ಮೀನನ್ನು ಹಿಡಿದರೆ ಮುಂದಿನ ಪೀಳಿಗೆಯ ತಾಯಿಯೇ ಇಲ್ಲವಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದೇ ಜಾತಿಯ ಮೀನಿಗೆ ಕನಿಷ್ಠ 58 ಸೆಂಟಿಮೀಟರು, ಗರಿಷ್ಠ 120 ಸೆಂಟಿಮೀಟರು ಎಂಬ ಎರಡು ಮಿತಿಗಳನ್ನು ವಿಧಿಸಿರುವುದರ ಹಿಂದಿನ ತರ್ಕ ಇದೇ. ನಮ್ಮ ದೇಶದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಹಲವು ಜಾತಿಗಳಿಗೆ ಕನಿಷ್ಠ ಅಳತೆಯನ್ನು ಶಿಫಾರಸು ಮಾಡಿದೆ. 2015ರಲ್ಲಿ ಕೇರಳ ಸರ್ಕಾರವು ಕನಿಷ್ಠ ಅಳತೆಯ ನಿಯಮವನ್ನು ಜಾರಿಗೆ ತಂದಿತು. ಆ ಬಳಿಕ ಇತರ ರಾಜ್ಯಗಳೂ ಈ ದಿಶೆಯಲ್ಲಿ ಕ್ರಮ ಕೈಗೊಂಡಿವೆ.

ಕಾನೂನಿನ ಚೌಕಟ್ಟು

ಸಂವಿಧಾನದ ಪ್ರಕಾರ ಮೀನುಗಾರಿಕೆಯು ರಾಜ್ಯ ಪಟ್ಟಿಯಲ್ಲಿರುವ ವಿಷಯ. ಪ್ರಾದೇಶಿಕ ಜಲಗಡಿಯ, ಅಂದರೆ 12 ನಾಟಿಕಲ್ ಮೈಲಿಗಳ, ಆಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರ ಪಟ್ಟಿಗೆ ಸೇರಿದೆ. ಆದುದರಿಂದ ಅಳಿವೆಗಳಿಗೆ ಅನ್ವಯಿಸುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುತ್ತವೆ. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮವೂ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಅನುಕ್ರಮವಾಗಿ 1981 ಮತ್ತು 1983ರ ಅಧಿನಿಯಮಗಳೂ ಇವೆ. ಗಾಳ ಹಾಕಲು ಪರವಾನಗಿ ಅಗತ್ಯವೇ, ಯಾವ ಜಾತಿಗೆ ಯಾವ ಅಳತೆ ಎಂಬುದನ್ನು ಆಯಾ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ ತಿಳಿಯುವುದು ಉಚಿತ.

ಕೆಲವು ನಿಷೇಧಗಳು ಹಳೆಯವು. ಸ್ಫೋಟಕ ಸಿಡಿಸಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದಲ್ಲಿಯೇ ಅಪರಾಧವೆಂದು ಸಾರಲಾಯಿತು. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದನ್ವಯ ಕಡಲಾಮೆ, ಗರಗಸ ಮೀನು, ಕಡಲ ಕುದುರೆ ಮೊದಲಾದವನ್ನು ಹಿಡಿಯುವಂತಿಲ್ಲ. ಇಂತಹ ಜೀವಿ ಆಕಸ್ಮಿಕವಾಗಿ ಗಾಳಕ್ಕೆ ಸಿಕ್ಕಿದರೆ ಕೂಡಲೇ ನೀರಿಗೆ ಬಿಡತಕ್ಕದ್ದು. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾದ ಠಾಣೆ ಖಾರಿಯಂತಹ ಕಡೆಗಳಲ್ಲಿ ಅರಣ್ಯ ಇಲಾಖೆಯ ನಿಬಂಧನೆಗಳೂ ಅನ್ವಯಿಸುತ್ತವೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿದೆ. ಇದು ಮುಖ್ಯವಾಗಿ ಯಂತ್ರಚಾಲಿತ ದೋಣಿಗಳನ್ನು ಕುರಿತದ್ದು. ಯಂತ್ರವಿಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಆದರೂ ದಂಡೆಯಲ್ಲಿ ಗಾಳ ಹಾಕುವವರು ಮೊಟ್ಟೆ ತುಂಬಿದ ಮೀನುಗಳನ್ನು ಬಿಟ್ಟುಬಿಡುವುದು ಈ ನಿಷೇಧದ ಆಶಯಕ್ಕೆ ತಕ್ಕ ನಡತೆ.

ಪಾಲಿಸಬೇಕಾದ ಕ್ರಮಗಳು

1. ಅಳತೆಪಟ್ಟಿ ಜೊತೆಯಲ್ಲಿರಲಿ. ಮೀನಿನ ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು.

2. ಬಿಡಬೇಕಾದ ಮೀನನ್ನು ಒದ್ದೆ ಕೈಯಿಂದ ಹಿಡಿಯಬೇಕು. ಒಣ ಕೈ ತಗುಲಿದರೆ ಮೈಮೇಲಿನ ಲೋಳೆಯ ಪದರ ಕಿತ್ತುಹೋಗಿ ಮೀನು ರೋಗಕ್ಕೆ ತುತ್ತಾಗಬಹುದು. ಗಾಳವನ್ನು ಮೀನು ನುಂಗಿದ್ದರೆ ಎಳೆಯದೆ ದಾರವನ್ನು ಬಾಯಿಯ ಬಳಿ ಕತ್ತರಿಸುವುದು ಮೇಲು.

3. ಹೊಟ್ಟೆಯಡಿ ಮೊಟ್ಟೆ ಹೊತ್ತ ಏಡಿಯನ್ನು ಬಿಟ್ಟುಬಿಡಬೇಕು.

4. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಎಸೆಯಬಾರದು. ಹಕ್ಕಿಗಳೂ ಆಮೆಗಳೂ ಅದರಲ್ಲಿ ಸಿಕ್ಕಿ ಸಾಯುತ್ತವೆ.

5. ಉಬ್ಬರದ ಹೊತ್ತನ್ನು ತಿಳಿಯದೆ ಮರಳದಿಬ್ಬಗಳಿಗೆ ಹೋಗಬಾರದು. ನೀರು ಸುಮಾರು ಆರು ಗಂಟೆಗಳ ಕಾಲ ಏರುತ್ತದೆ. ಮರಳುವ ದಾರಿ ಮೊದಲೇ ಮುಚ್ಚಿಹೋಗಬಹುದು.

ದಂಡೆಯ ಜನರ ಬದುಕು

ಅಘನಾಶಿನಿಯ ದಂಡೆಯ ಹಳ್ಳಿಗಳಲ್ಲಿ ಚಿಪ್ಪಿ ಆಯುವ, ಏಡಿ ಹಿಡಿಯುವ, ಬೀಸುಬಲೆ ಹಾಕುವ ಕುಟುಂಬಗಳು ಅನೇಕ. ಅವರಲ್ಲಿ ಹೆಂಗಸರ ಪಾಲು ದೊಡ್ಡದು. ಹವ್ಯಾಸಿಗೆ ಒಂದು ಸಂಜೆಯ ಸಂತೋಷವಾದುದು ಅವರಿಗೆ ದಿನದ ಗಂಜಿ. ಚಿಪ್ಪಿಯ ನೆಲೆಗಳನ್ನು ತುಳಿಯದಿರುವುದು, ಅವರ ಬಲೆಗಳಿಂದ ದೂರವಿರುವುದು, ಮನೆಗೆ ಬೇಕಾದುದಕ್ಕಿಂತ ಹೆಚ್ಚು ಹಿಡಿಯದಿರುವುದು ಯಾವ ಅಧಿಸೂಚನೆಯೂ ಹೇಳದೆಯೇ ಪಾಲಿಸಬೇಕಾದ ಮರ್ಯಾದೆ. ಪ್ರತಿಯೊಂದು ದಂಡೆಗೂ ಕಾವಲುಗಾರನನ್ನು ನೇಮಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಾಗುವ ಮಾತಲ್ಲ. ಹಿಡಿದ ಮೀನನ್ನು ಅಳೆದು, ನೀರಿಗೆ ಬಿಡಬೇಕಾದುದನ್ನು ಬಿಡುವ ಹೊಣೆ ಗಾಳ ಹಿಡಿದವರದೇ ಆಗಿದೆ.