ಶೋಲಾದ ಅಂಚಿನಲ್ಲಿ ಸಸಿ ಏಕೆ ನಿಲ್ಲದು

ನೀಲಗಿರಿಯಲ್ಲಿ ಕಣಿವೆಯ ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು, ಅದರ ಸುತ್ತ ಹುಲ್ಲುಗಾವಲು. ಕೆಲವೇ ಹೆಜ್ಜೆಗಳಲ್ಲಿ ಕಾಡಿನ ಕತ್ತಲೆ ಮುಗಿದು ಬಯಲು ತೆರೆದುಕೊಳ್ಳುತ್ತದೆ. ಈ ಗಡಿ ಹಿಮಾಲಯದ ವೃಕ್ಷರೇಖೆಯಂಥದ್ದಲ್ಲ. ಅಲ್ಲಿ ಒಂದು ಎತ್ತರದ ಮೇಲೆ ಚಳಿಗೆ ಮರವೇ ಬೆಳೆಯುವುದಿಲ್ಲ. ನೀಲಗಿರಿಯ ಅತಿ ಎತ್ತರದ ದೊಡ್ಡಬೆಟ್ಟದಲ್ಲಿ, 2,637 ಮೀಟರಿನಲ್ಲೂ, ಮರಕ್ಕೆ ಸಾಕಾಗುವಷ್ಟು ಬೆಚ್ಚಗಿದೆ. ಆದರೂ ಗಡಿ ದಾಟಿ ಹುಲ್ಲಿನಲ್ಲಿ ಬಿದ್ದ ಶೋಲಾ ಬೀಜ ಮರವಾಗುವುದು ಅಪರೂಪ. ಅಡ್ಡಿ ಬರುವುದು ಸಸಿಯ ಮೊದಲ ಕೆಲವು ವರ್ಷಗಳಲ್ಲಿ.

ಚಳಿಗಾಲದಲ್ಲಿ ಮೋಡವೂ ಗಾಳಿಯೂ ಇಲ್ಲದ ರಾತ್ರಿ ಹುಲ್ಲುನೆಲ ಹಗಲಿನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಆಳೆತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಮೇಲಿದ್ದರೂ ನೆಲಮಟ್ಟದಲ್ಲಿ ಇಬ್ಬನಿ ಹೆಪ್ಪುಗಟ್ಟಬಹುದು. ಗೇಣುದ್ದದ ಸಸಿಯ ಎಲೆಗಳಿರುವುದು ಆ ಪದರದಲ್ಲೇ. ಜೀವಕೋಶಗಳ ನಡುವೆ ಕಟ್ಟಿದ ಮಂಜುಗಡ್ಡೆ ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ, ಪೊರೆ ಹಾಳಾಗುತ್ತದೆ. ಬೆಳಗಾದರೆ ಎಳೆಬಿಸಿಲು ಇನ್ನೊಂದು ಪೆಟ್ಟು. ಚಳಿಗೆ ಮರಗಟ್ಟಿದ ಎಲೆ ಬೆಳಕನ್ನು ಹೀರುತ್ತದೆ, ಅದರಿಂದ ಆಹಾರ ಮಾಡಲಾರದು. ಮಿಕ್ಕ ಶಕ್ತಿ ದ್ಯುತಿಸಂಶ್ಲೇಷಣೆಯ ವ್ಯವಸ್ಥೆಗೇ ಹಾನಿ ಮಾಡುತ್ತದೆ. ಶೋಲಾದ ಒಳಗೆ ಮರಗಳ ಚಪ್ಪರ ನೆಲದ ಶಾಖವನ್ನು ತಡೆದಿಡುವುದರಿಂದ ಅದೇ ರಾತ್ರಿ ಅದೇ ಜಾತಿಯ ಸಸಿ ಬದುಕುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಂ ಮತ್ತು ಮಹೇಶ್ ಶಂಕರನ್ ಪಶ್ಚಿಮಘಟ್ಟದ ಇಂಥ ನೆಲದಲ್ಲೇ ಸಸಿ ನೆಟ್ಟು ಇದನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹುಲ್ಲುಗಾವಲಿನಲ್ಲಿ ನೆಟ್ಟ ಸ್ಥಳೀಯ ಸಸಿಗಳ ಸಾವು ಬಹುಪಾಲು ಚಳಿಗಾಲದಲ್ಲೇ ಕಂಡುಬಂತು.

ಚಳಿಯೊಂದೇ ಕಾರಣವಲ್ಲ. ಹುಲ್ಲಿನ ಬೇರುಗಳ ದಟ್ಟ ಜಾಲ ಮೇಲ್ಮಣ್ಣಿನ ನೀರನ್ನು ಮೊದಲೇ ಹೀರುತ್ತದೆ. ಬೇಸಿಗೆಯ ಬೆಂಕಿಯನ್ನು ಹುಲ್ಲು ತಡೆದುಕೊಂಡು ಮತ್ತೆ ಚಿಗುರುತ್ತದೆ. ತೆಳುತೊಗಟೆಯ ಸಸಿ ಸುಟ್ಟುಹೋಗುತ್ತದೆ. ಮೇಯುವ ಪ್ರಾಣಿಗಳಿಗೆ ಎಳೆಚಿಗುರು ಸುಲಭದ ತುತ್ತು. ಕರ್ನಾಟಕದ ಕುದುರೆಮುಖ, ಬಾಬಾಬುಡನ್‌ಗಿರಿ ಸಾಲುಗಳ ಶೋಲಾ ಅಂಚಿನಲ್ಲಿ ಬೀಸುಗಾಳಿ, ತೆಳುಮಣ್ಣು ಮತ್ತು ಬೆಂಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹವೆ ಬೆಚ್ಚಗಾದರೆ ಕಾಡು ತಾನಾಗಿ ಮೇಲೇರುತ್ತದೆ ಎಂಬ ಎಣಿಕೆ ಇಂಥ ಕಾರಣಗಳಿಂದಲೇ ಹಲವೆಡೆ ತಪ್ಪುತ್ತದೆ. ಜಗತ್ತಿನ 166 ವೃಕ್ಷರೇಖೆಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ ಮುಂದೆ ಸರಿದದ್ದು ಶೇ. 52 ಮಾತ್ರ; ಹಿಂದೆ ಸರಿದದ್ದು ಶೇ. 1, ಉಳಿದವು ಇದ್ದಲ್ಲೇ ಇದ್ದವು. ಹಿಮಾಲಯದ ಭೂರ್ಜ ಮರದ ಸಸಿಗಳಿಗೆ ಮುಂಗಾರಿಗೆ ಮುಂಚಿನ ಒಣಹವೆ ದೊಡ್ಡ ಅಡ್ಡಿ. ಬಿಸಿ ಏರಿದಾಗ ಮಣ್ಣು ಇನ್ನಷ್ಟು ಬೇಗ ಒಣಗುತ್ತದೆ. ಚಳಿಯ ತಡೆ ಸಡಿಲಿದರೂ ನೀರಿನ ತಡೆ ಬಿಗಿಯಾಗುತ್ತದೆ.

ಶೋಲಾ ನಾಡಿನಲ್ಲಿ ಇನ್ನೊಂದು ಅಪಾಯವಿದೆ. ಚರ್ಮ ಹದಮಾಡುವ ತೊಗಟೆಗಾಗಿ ಆಸ್ಟ್ರೇಲಿಯಾದಿಂದ ತಂದು ಬೆಳೆಸಿದ ವ್ಯಾಟಲ್ ಮರಗಳು, ಅಂದರೆ ಅಕೇಶಿಯಾಗಳು, ಹುಲ್ಲುಗಾವಲಿನಲ್ಲೇ ಸುಲಭವಾಗಿ ಬೇರೂರುತ್ತವೆ. ಅವುಗಳ ಬೀಜ ವರ್ಷಾನುಗಟ್ಟಲೆ ಮಣ್ಣಿನಲ್ಲಿ ಕಾದಿದ್ದು ಬೆಂಕಿ ಬಿದ್ದ ಮೇಲೂ ಮೊಳೆಯುತ್ತದೆ. ಚಳಿ ತಗ್ಗಿದಂತೆ ಬಯಲು ಮೊದಲು ಇವುಗಳ ಪಾಲಾಗಬಹುದು. ಮಳೆನೀರನ್ನು ಹಿಡಿದು ಹೊಳೆಗಳಿಗೆ ನಿಧಾನವಾಗಿ ಬಿಡುವ, ವರಯಾಡು ಎಂಬ ಬೆಟ್ಟದ ಕಾಡುಮೇಕೆಗೆ ಮೇವು ಕೊಡುವ ಹುಲ್ಲುಗಾವಲು ಖಾಲಿ ಜಾಗವಲ್ಲ. ಮರ ಇಲ್ಲವೆಂದು ಅಲ್ಲಿ ಸಸಿ ನೆಡುವುದು ಬೆಟ್ಟಕ್ಕೆ ಉಪಕಾರವಲ್ಲ. ವ್ಯಾಟಲ್ ಸಸಿಗಳನ್ನು ಎಳೆಯದರಲ್ಲೇ ಕೀಳುವುದು, ಶೋಲಾದ ಅಂಚನ್ನು ಬೆಂಕಿಯಿಂದ ಕಾಯುವುದು ಅಲ್ಲಿ ಮಾಡಬೇಕಾದ ಕೆಲಸ.