ಮೈಸೂರು ರಾಕೆಟ್‌ಗೆ ರೆಕ್ಕೆ ಇರಲಿಲ್ಲ

ಹೋದ ವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಒಂಬತ್ತನೇ ತರಗತಿ ಮಕ್ಕಳು ಟಿಪ್ಪು ಕಾಲದ ರಾಕೆಟ್ ಮಾದರಿ ಮಾಡಿದ್ದರು. ಚೂಪು ಮೂತಿ, ಬುಡದಲ್ಲಿ ನಾಲ್ಕು ರೆಕ್ಕೆ, ಮೈಗೆಲ್ಲ ಬೆಳ್ಳಿ ಬಣ್ಣ. ನೋಡೋಕೆ ಚೆಂದ, ಬಹುಮಾನಾನೂ ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಕೇಳಿದಳು, "ಸಾರ್, ಆಗ ಹಿಂಗೇ ಇತ್ತಾ?" ನಾನು ಹೌದು ಅಂದುಬಿಟ್ಟೆ. ಸುಳ್ಳು ಹೇಳಿದೆ. ಆ ಮಾದರಿಗೆ ಒಪ್ಪಿಗೆ ಕೊಟ್ಟವನೂ ನಾನೇ.

ಆಮೇಲೆ ಓದಿದೆ. ನಮ್ಮ ತಾಳವಾಡಿಗೆ ಇದೇನು ದೂರದ ಕಥೆಯಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸೈನ್ಯ ಸತ್ಯಮಂಗಲಕ್ಕೆ ಇಳಿದದ್ದು ಇಲ್ಲೇ ಗಜ್ಜಲಹಟ್ಟಿ ಕಣಿವೆಯಲ್ಲಿ. ಆ ಕಾಲದ ಎರಡು ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್ ಸಂಗ್ರಹದಲ್ಲಿದ್ದವು. ಅವುಗಳ ಅಳತೆಯನ್ನು ವಿಜ್ಞಾನಿ ರೊದ್ದಂ ನರಸಿಂಹ 1985ರ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕಬ್ಬಿಣದ ಕೊಳವೆ 254 ಮಿ.ಮೀ. ಉದ್ದ, 58 ಮಿ.ಮೀ. ಹೊರವ್ಯಾಸ. ಅದನ್ನು ತೊಗಲಿನ ಪಟ್ಟಿಯಿಂದ 1.02 ಮೀಟರ್ ಉದ್ದದ ಕತ್ತಿಗೆ ಕಟ್ಟಿದೆ. ಇನ್ನೊಂದರ ಕೊಳವೆ 198 ಮಿ.ಮೀ. ಉದ್ದ, 37 ಮಿ.ಮೀ. ವ್ಯಾಸ, ಕಟ್ಟಿದ್ದು 1.9 ಮೀಟರ್ ಬಿದಿರಿಗೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆ ಸಿಕ್ಕವಲ್ಲ, ಅವೂ 23ರಿಂದ 26 ಸೆಂ.ಮೀ. ಉದ್ದದವೇ.

ಗಮನಿಸಿ, ಬಿದಿರು ಕೊಳವೆಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಉದ್ದ. ನಮ್ಮ ಮಕ್ಕಳು ಬಿಟ್ಟದ್ದು ಅದನ್ನೇ! ಪಾಠ ಇರೋದೇ ಅಲ್ಲಿ. ತರಗತಿಯಲ್ಲಿ ಒಂದು ಸೀಮೆಸುಣ್ಣ ಎಸೆಯಿರಿ, ಲಾಗ ಹಾಕುತ್ತಾ ಹೋಗುತ್ತದೆ. ಪೊರಕೆ ಕಡ್ಡಿಯ ತುದಿಗೆ ಜೇಡಿಮಣ್ಣಿನ ಉಂಡೆ ಮೆತ್ತಿ ಎಸೆಯಿರಿ, ಉಂಡೆ ಮುಂದಾಗಿ ನೆಟ್ಟಗೆ ಹೋಗುತ್ತದೆ. ಭಾರದ ಕೇಂದ್ರ ಮುಂದಿರುತ್ತದೆ, ಗಾಳಿಯ ಒತ್ತು ಹಿಂದಿನ ಉದ್ದ ಕಡ್ಡಿಯ ಮೇಲೆ ಬೀಳುತ್ತದೆ. ಕಡ್ಡಿ ಓರೆಯಾದರೆ ಗಾಳಿಯೇ ಅದನ್ನು ಮತ್ತೆ ಸರಿದಾರಿಗೆ ತಳ್ಳುತ್ತದೆ. ರೆಕ್ಕೆ ಮಾಡೋ ಕೆಲಸವನ್ನ ಆಗ ಬಿದಿರು ಮಾಡುತ್ತಿತ್ತು. ಕಬ್ಬಿಣ ಯಾಕೆ ಅಂದರೆ, ಕಾಗದದ ಕೊಳವೆ ತಡೆಯದಷ್ಟು ಒತ್ತಡವನ್ನು ಅದು ತಡೆಯುತ್ತದೆ. ಮದ್ದನ್ನು ಗಟ್ಟಿಯಾಗಿ ತುಂಬಬಹುದು, ನೂಕುಬಲ ಹೆಚ್ಚುತ್ತದೆ.

ಈ ಸಲ ಬಿದಿರಿನದನ್ನು 1:2 ಪ್ರಮಾಣದಲ್ಲಿ ಮಾಡಿದೆವು. ಕೊಳವೆ 99 ಮಿ.ಮೀ., ಬಿದಿರು 95 ಸೆಂ.ಮೀ., ಮೇಜಿನ ಮೇಲೆ ಕೂರುತ್ತದೆ. ವ್ಯಾಸ 18.5 ಮಿ.ಮೀ. ಬರಬೇಕು. ಅಂಗಡಿಯಲ್ಲಿ ಸಿಗೋ ವೈರಿಂಗ್ ಪೈಪು 20 ಮಿ.ಮೀ. ಹಾಗಾಗಿ ರಟ್ಟನ್ನೇ ಸುತ್ತಿದೆವು, ಸುತ್ತಳತೆ 58 ಮಿ.ಮೀ. ಬರುವಂತೆ. π ಪಾಠ ಪುಕ್ಕಟೆ ಆಯ್ತು. ಬಿದಿರಿಗೆ ಕಾಡಿಗೆ ಹೋಗಬೇಡಿ, ಬುಟ್ಟಿ ಹೆಣೆಯುವವರ ಹತ್ತಿರ ಒಂದು ಸೀಳು ಕೇಳಿ. ಮದ್ದಂತೂ ಒಂದು ಚಿಟಿಕೆಯೂ ಬೇಡ.

ಪಕ್ಕದಲ್ಲಿ ಚೀಟಿ ಇಟ್ಟಿದ್ದೇವೆ: "ಅಳತೆ ಅಸಲಿನ ಅರ್ಧ. ಕೊಳವೆ ರಟ್ಟಿನದು, ಅಸಲು ಕಬ್ಬಿಣ. ಕಟ್ಟಿದ್ದು ಸೈಕಲ್ ಟ್ಯೂಬಿನ ಪಟ್ಟಿ, ಅಸಲು ತೊಗಲು." ಬರೆದವಳು ಅದೇ ಹುಡುಗಿ.