ಕಪಾಲಗುಹೆಯ ಕಥೆ

ದಟ್ಟವಾದ ಕಾಡು. ನಡುವೆ ಭೋರ್ಗರೆಯುವ ಜಲಪಾತ. ನೀರಿನ ತೆರೆಯನ್ನು ಸೀಳಿಕೊಂಡು ಬಿಳಿಯ ಕುದುರೆಯೊಂದು ಒಳನುಗ್ಗುತ್ತದೆ. ಹಿಂದೆಯೇ ಒಂದು ನಾಯಿ. ಅಲ್ಲ, ಅದು ತೋಳ. ನಾಯಿಯೆಂದವರನ್ನು ಅದರ ಒಡೆಯನು ತಿದ್ದದೆ ಬಿಡುವವನಲ್ಲ. ತೆರೆಯಾಚೆಗೆ, ಗಾಳಿಮಳೆಗಳು ತಲೆಬುರುಡೆಯ ಆಕಾರಕ್ಕೆ ಕೊರೆದಿಟ್ಟ ಹೆಬ್ಬಂಡೆ. ಬುರುಡೆಯ ತೆರೆದ ಬಾಯಿಯೇ ಹೆಬ್ಬಾಗಿಲು. ಚಿತ್ರಕಥೆಗಳನ್ನು ಓದಿ ಬೆಳೆದವರಿಗೆ ಈ ವಿಳಾಸವನ್ನು ಹೇಳಿಕೊಡಬೇಕಾಗಿಲ್ಲ. ಕಾಡಿನ ಜನ 'ನಡೆದಾಡುವ ಭೂತ'ವೆಂದು ಕರೆಯುವ ಫ್ಯಾಂಟಮ್‌ನ ಮನೆ ಅದು. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದನ್ನು ಕಂಡ ಹುಡುಗನಿಗೆ ನೀರಿನ ಹಿಂದೆ ಅಂಥದೊಂದು ದಾರಿ ಇದ್ದೀತೆಂದು ಊಹಿಸುವುದು ಕಷ್ಟವೇನಲ್ಲ.

ಈ ಗುಹೆ ಹುಟ್ಟಿದ್ದು ಕತೆಗಾರನ ಮನಸ್ಸು ಬದಲಾದುದರಿಂದ. ಅಮೆರಿಕದ ಲೀ ಫಾಕ್ 1936ರ ಫೆಬ್ರವರಿ 17ರಂದು ಈ ಚಿತ್ರಕಥೆಯನ್ನು ಆರಂಭಿಸಿದಾಗ ನಾಯಕನು ನ್ಯೂಯಾರ್ಕಿನ ಒಬ್ಬ ಸಿರಿವಂತ ಯುವಕನೆಂದೇ ಎಣಿಸಿದ್ದನು. ಹಗಲೆಲ್ಲ ಸೋಮಾರಿ, ರಾತ್ರಿ ಮುಸುಕುಧಾರಿ. ಮೊದಲ ಕಥೆ ಮುಗಿಯುವ ಮುನ್ನವೇ ಆ ಯೋಚನೆಯನ್ನು ಕೈಬಿಟ್ಟು, ನಾಯಕನನ್ನು ಪೂರ್ವದೇಶದ ಕಾಡಿಗೆ ಸಾಗಿಸಿದನು. 1536ರಲ್ಲಿ ಕಡಲುಗಳ್ಳರಿಂದ ಹತನಾದ ತಂದೆ, ಕೊಲೆಗಾರನ ಬುರುಡೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದ ಮಗ, ಅವನ ಅನಂತರ ತಂದೆಯಿಂದ ಮಗನಿಗೆ ಇಳಿದುಬಂದ ಅದೇ ವೇಷ: ಹೀಗೆ ವಂಶಾವಳಿಯೂ ಸಿದ್ಧವಾಯಿತು. ನಮಗೆ ಪರಿಚಿತನಾದವನು ಇಪ್ಪತ್ತೊಂದನೆಯವನು.

ಗುಹೆಯ ಗುಟ್ಟು ಇರುವುದು ಇಲ್ಲಿಯೇ. ಮುಸುಕುಧಾರಿ ಒಬ್ಬನೇ, ನಾಲ್ಕು ಶತಮಾನಗಳಿಂದ ಸಾವಿಲ್ಲದೆ ಬದುಕಿದ್ದಾನೆಂದು ಲೋಕ ನಂಬಬೇಕು. ಹಾಗೆ ನಂಬಬೇಕಾದರೆ ಸತ್ತವರು ಯಾರ ಕಣ್ಣಿಗೂ ಬೀಳಬಾರದು. ಕಪಾಲಗುಹೆ ಬಚ್ಚಿಟ್ಟಿರುವುದು ಬದುಕಿರುವ ನಾಯಕನನ್ನಲ್ಲ, ಇಪ್ಪತ್ತು ಸಮಾಧಿಗಳನ್ನು. ಪಕ್ಕದ ಕೋಣೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟ ದಿನಚರಿಯ ಹೊತ್ತಗೆಗಳು. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಹಿರಿಯರ ಬರಹವನ್ನು ಓದುತ್ತಾನೆ, ತನ್ನದನ್ನು ಬರೆಯುತ್ತಾನೆ, ಕಡೆಗೆ ಗೋಡೆಯೊಳಗಿನ ತನ್ನ ಜಾಗಕ್ಕೆ ಸೇರುತ್ತಾನೆ. ಮಕ್ಕಳ ಪತ್ರಿಕೆಯ ಸಾಹಸಕಥೆಗೆ ಇದು ಅಷ್ಟೇನೂ ಹಗುರವಾದ ಕಲ್ಪನೆಯಲ್ಲ.

ಮೊದಲ ಚಿತ್ರಕಾರ ರೇ ಮೂರ್ ಗುಹೆಯನ್ನು ಕತ್ತಲೆಯಲ್ಲಿ ಬರೆದನು. ಅವನ ಕುಂಚದಲ್ಲಿ ನೆರಳೇ ಹೆಚ್ಚು. ಅನಂತರ ಬಂದ ವಿಲ್ಸನ್ ಮೆಕಾಯ್‌ನ ಗೆರೆಗಳು ಸರಳ. ಗುಹೆ ಮನೆಯಂತೆ ಕಾಣತೊಡಗಿತು. ಮೆಕಾಯ್ 1961ರಲ್ಲಿ ತೀರಿಕೊಂಡ ಮೇಲೆ ಸೈ ಬ್ಯಾರಿ 1994ರವರೆಗೆ ಬರೆದನು. ಅನೇಕರ ನೆನಪಿನಲ್ಲಿ ಉಳಿದಿರುವ ಗುಹೆ ಬ್ಯಾರಿಯದೇ. ದಶಕಗಳು ಕಳೆದಂತೆ ಕೋಣೆಗಳೂ ಹೆಚ್ಚಿದವು. ಚಿನ್ನ ರತ್ನಗಳ ರಾಶಿಯಿರುವುದು ಕಿರಿಯ ಭಂಡಾರವಂತೆ! ಹಿರಿಯ ಭಂಡಾರದಲ್ಲಿರುವುದು ಅಲೆಗ್ಸಾಂಡರನ ವಜ್ರದ ಬಟ್ಟಲು, ಆರ್ಥರ್ ರಾಜನ ಖಡ್ಗದಂಥ ಬೆಲೆಕಟ್ಟಲಾಗದ ವಸ್ತುಗಳು. ಅರಣ್ಯಪಡೆಯೊಡನೆ ಮಾತನಾಡಲು ರೇಡಿಯೋ ಕೂಡ ಬಂದಿತು. 1977ರಲ್ಲಿ ಡಯಾನಾಳೊಡನೆ ವಿವಾಹ, 1979ರಲ್ಲಿ ಅವಳಿ ಮಕ್ಕಳು. ಬುರುಡೆಯ ಸಿಂಹಾಸನದ ಸುತ್ತ ಕೂಸುಗಳು ಅಂಬೆಗಾಲಿಟ್ಟ ಮೇಲೆ ಗುಹೆಯ ಭಯಂಕರತೆ ಎಷ್ಟು ಉಳಿದಿರಬಹುದೆಂಬುದನ್ನು ಗೃಹಸ್ಥರೇ ಊಹಿಸಬೇಕು.

ಇತರ ವೀರರಿಗೂ ಗುಪ್ತನಿವಾಸಗಳು ಬಂದವು, ಆದರೆ ತಡವಾಗಿ. ಬ್ಯಾಟ್‌ಮನ್‌ಗೆ ಬಾವಲಿಯ ಗುಹೆ ದೊರೆತದ್ದು 1943ರಲ್ಲಿ, ಅದೂ ಒಂದು ಧಾರಾವಾಹಿ ಚಲಚ್ಚಿತ್ರದ ದೆಸೆಯಿಂದ. ಸೂಪರ್‌ಮನ್‌ನ ಹಿಮಪ್ರದೇಶದ ಏಕಾಂತದುರ್ಗ ಈಗ ಪರಿಚಿತವಾಗಿರುವ ರೂಪವನ್ನು ತಾಳಿದ್ದು 1958ರಲ್ಲಿ.

ಭಾರತದಲ್ಲಿ ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚಿಯಲ್ಲಿ ಆರಂಭವಾಗಿ 1990ರವರೆಗೆ ನಡೆಯಿತು; ಕನ್ನಡದಲ್ಲಿಯೂ ಬಂದಿತು. ಇಲ್ಲಿ ಫ್ಯಾಂಟಮ್‌ನ ನಾಡು 'ಬೆಂಗಾಲ' ಹೋಗಿ 'ಡೆಂಕಾಲಿ'ಯಾಯಿತು. 'ಸಿಂಗ್' ಕಡಲುಗಳ್ಳರು 'ಸಿಂಗಾ' ಆದರು. ಇದು ಸಂಪಾದಕರ ಜಾಣತನ. ಆರಂಭದ ಕಥೆಗಳಲ್ಲಿ ಆ ನಾಡು ಭಾರತದ ಆಸುಪಾಸಿನಲ್ಲೇ ಇದ್ದಿತು. ಅದನ್ನು ಆಫ್ರಿಕಕ್ಕೆ ಒಯ್ದದ್ದು ಮುಂದಿನ ಮಾತು. ಹುಲಿಗಳು ಮಾತ್ರ ಕಥೆಯನ್ನು ಬಿಟ್ಟು ಕದಲಲಿಲ್ಲ.

ಫಾಕ್‌ನಿಗೆ ಸ್ಫೂರ್ತಿಯಾದವರಲ್ಲಿ ಕಿಪ್ಲಿಂಗನ ಮೋಗ್ಲಿಯೂ ಒಬ್ಬ. ಗುಹೆಯನ್ನು ವಿಷಬಾಣ ಹಿಡಿದು ಕಾಯುವ ಕುಳ್ಳರ 'ಬಂಡಾರ್' ಎಂಬ ಹೆಸರು ಕಿಪ್ಲಿಂಗನ ಕೋತಿಗಳನ್ನು ನೆನಪಿಗೆ ತರುತ್ತದೆ. ಮನುಷ್ಯರಿಗೆ ಆ ಹೆಸರು ಉಚಿತವೆನ್ನಲಾಗದು. ವಿಚಿತ್ರವೆಂದರೆ, ಫ್ಯಾಂಟಮ್ ನ್ಯೂಯಾರ್ಕಿನಲ್ಲಿ ಅಚ್ಚಾಗತೊಡಗಿದ ಹೊತ್ತಿನಲ್ಲೇ ರಾಬರ್ಟ್ ಫ್ಲಾಹರ್ಟಿ ಮೈಸೂರು ಸಂಸ್ಥಾನದಲ್ಲಿ ಕಿಪ್ಲಿಂಗನದೇ ಕಥೆಯೊಂದನ್ನು ಚಿತ್ರೀಕರಿಸುತ್ತಿದ್ದನು. ಅದರ ನಾಯಕ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದ ಮಾವುತನ ಮಗ ಸಾಬು. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆ ಕಂಡಿತು; 1942ರಲ್ಲಿ ಸಾಬುವೇ ಮೋಗ್ಲಿಯಾದನು.

ಚಿತ್ರಕಥೆಯ ಕಾಡಿನಲ್ಲಿ ಒಡೆಯನು ಬಿಳಿಯ, ಕಾವಲಿನವರು ಕಾಡಿನವರು. ಹೊರಗಿನವನ ಗುಟ್ಟನ್ನು ಅವರು ನಾನೂರು ವರ್ಷ ಕಾಯುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಲು ಯಾರಿಂದಲೂ ಆಗದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನ ಜೇನುಕುರುಬರಿಗೆ ಆ ಭರವಸೆ ದೊರೆಯಲಿಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. ಮುಂದೆ 1970ರ ದಶಕದಿಂದ ಅವರ ಅನೇಕ ಹಾಡಿಗಳು ಕಾಡಿನ ಹೊರಕ್ಕೆ ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಸಾಲುಮನೆಗಳೆದ್ದವು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಂದ ಮೇಲೆಯೂ ಹಳೆಯ ನೆಲದ ಮೇಲಣ ಹಕ್ಕಿಗಾಗಿ ಅರ್ಜಿಗಳು ಹೋಗುತ್ತಲೇ ಇವೆ.

ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟಿನ ನೀರು ಆ ಕಾಡಿನ ಬಹುಭಾಗವನ್ನು ಆವರಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಣಗಿದ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ಅವುಗಳ ನಡುವಿನ ಹಸುರಿಗೆ ಆನೆಗಳು ಹಿಂಡುಹಿಂಡಾಗಿ ಇಳಿದು ಬರುತ್ತವೆ.